ಮಚ್ಚುಗತ್ತಿಯಿಂದ ಬುದ್ಧನನ್ನು ಕಡೆದ ಭಿಕ್ಷು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೌದ್ಧ ಕಲೆಯನ್ನು ಕುರಿತ ಕಳೆದ ತಿಂಗಳ ಅಂಕಣದಲ್ಲಿ, ಜಪಾನಿನ ಎಂಕೂ ಎಂಬ ಭಿಕ್ಷು 1,20,000 ಮೂರ್ತಿಗಳನ್ನು ಕೆತ್ತುವ ಸಂಕಲ್ಪ ಮಾಡಿದ್ದರೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾವು ಬೈಲುಕುಪ್ಪೆಯ ಸಮೀಪದವರು. ಅಲ್ಲಿನ ಸುವರ್ಣ ಮಂದಿರದ ಭವ್ಯ ಮೂರ್ತಿಗಳನ್ನು ನೋಡಿದಾಗಲೆಲ್ಲ ಒಂದೊಂದಕ್ಕೂ ಎಷ್ಟು ಜನ, ಎಷ್ಟು ಕಾಲ ಬೇಕಾಯಿತೋ ಎಂದು ಬೆರಗಾಗುತ್ತೇವೆ. ಒಬ್ಬನೇ ಭಿಕ್ಷು ಅಷ್ಟು ಮೂರ್ತಿಗಳನ್ನು ಮಾಡಲು ಸಾಧ್ಯವೇ? ಅವರು ಯಾರು, ಯಾವ ಕಾರಣಕ್ಕೆ ಹಾಗೆ ಕೆತ್ತಿದರು?
(ಕುಶಾಲನಗರದ ಓದುಗರೊಬ್ಬರು)

ಉತ್ತರ: ಎಂಕೂ ಹುಟ್ಟಿದ್ದು 1632ರಲ್ಲಿ, ಅಂದಿನ ಮಿನೊ ಪ್ರಾಂತ್ಯದಲ್ಲಿ, ಅದು ಇಂದಿನ ಜಪಾನಿನ ಗಿಫು ಜಿಲ್ಲೆ. ಅವರ ಬಾಲ್ಯದಲ್ಲೇ 1640ರ ದಶಕದ ಆರಂಭದ ದೊಡ್ಡ ಕ್ಷಾಮ ದೇಶವನ್ನು ಕಾಡಿತ್ತು. ನಾಗರಾ ನದಿಯ ನೆರೆಯಲ್ಲಿ ಅವರ ತಾಯಿ ಕೊಚ್ಚಿಹೋದರು, ಆ ದುಃಖವೇ ಮಗನನ್ನು ಸನ್ಯಾಸಕ್ಕೆ ಎಳೆಯಿತು ಎಂದು ಆ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಅದಕ್ಕೆ ಸಮಕಾಲೀನ ದಾಖಲೆಯ ಬಲವಿಲ್ಲದಿದ್ದರೂ, ಅವರ ಬದುಕಿನ ಮೊದಲಲ್ಲೂ ಕೊನೆಯಲ್ಲೂ ಅದೇ ನದಿಯಿದೆ ಎಂಬುದು ಮಾತ್ರ ನಿಜ. ಅವರು ಯಾವುದೋ ಒಂದು ದೊಡ್ಡ ಮಠದ ಆಶ್ರಯದಲ್ಲಿ ಕುಳಿತ ಭಿಕ್ಷುವಾಗಿರಲಿಲ್ಲ. ಪರ್ವತಗಳನ್ನೇರಿ, ಗುಹೆಗಳಲ್ಲಿದ್ದು, ಜಲಪಾತದ ಕೆಳಗೆ ನಿಂತು ತಪಸ್ಸು ಮಾಡುವ ಶುಗೆಂದೊ ಪರಂಪರೆಯ ಸಾಧಕರಾಗಿ ಇಬುಕಿ, ಹಕುಸಾನ್ ಮುಂತಾದ ಪವಿತ್ರ ಪರ್ವತಗಳ ಆಸುಪಾಸಿನಲ್ಲಿ ಬೆಳೆದವರು. ಆಗ ಜಪಾನನ್ನು ಆಳುತ್ತಿದ್ದ ತೊಕುಗಾವಾ ಮನೆತನದ ಆಡಳಿತವು ಪ್ರತಿಯೊಂದು ಮನೆಯವರೂ ಯಾವುದಾದರೂ ಒಂದು ದೇವಾಲಯದಲ್ಲಿ ಹೆಸರು ನೋಂದಾಯಿಸಲೇಬೇಕೆಂದು ಕಟ್ಟಳೆ ಮಾಡಿ, ಭಿಕ್ಷುಗಳನ್ನು ಬಹುಮಟ್ಟಿಗೆ ದಾಖಲೆ ಇಡುವ ಅಧಿಕಾರಿಗಳಂತೆ ಬಳಸಿಕೊಳ್ಳುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ಊರೂರು ಅಲೆಯುತ್ತಿದ್ದ ಈ ಭಿಕ್ಷು, ದೊಡ್ಡ ದೇವಾಲಯಗಳ ಕಣ್ಣಿಗೆ ಬೀಳದ ಬೆಟ್ಟದ ಹಳ್ಳಿಗಳನ್ನೇ ಹೆಚ್ಚಾಗಿ ಹುಡುಕಿಕೊಂಡು ಹೋದರು.

ಅವರ ಕೃತಿಗಳಲ್ಲಿ ಕಾಲ ಗೊತ್ತಿರುವ ಅತ್ಯಂತ ಹಳೆಯವು 1663ರವು, ಅಂದರೆ ಅವರ ಮೂವತ್ತೊಂದನೆಯ ವಯಸ್ಸಿನವು. ಅವು ಗಿಫುವಿನ ಒಂದು ಬೆಟ್ಟದ ಹಳ್ಳಿಯಲ್ಲಿ, ಜಪಾನಿನ ಸ್ಥಳೀಯ ದೇವತೆಗಳನ್ನು ಪೂಜಿಸುವ ಶಿಂತೊ ಧರ್ಮದ ಗುಡಿಗಾಗಿ ಕೆತ್ತಿದವು ಎಂಬುದನ್ನು ಗಮನಿಸಬೇಕು. ಬುದ್ಧ, ಬೋಧಿಸತ್ತ್ವರ ಜೊತೆಗೆ ಸ್ಥಳೀಯ ದೇವತೆಗಳನ್ನೂ, ಮಳೆ ತರುವ ನಾಗರಾಜನನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಕಡೆದರು. 1666ರಲ್ಲಿ ಆಗ ಎಜೊ ಎನಿಸಿಕೊಂಡಿದ್ದ ಇಂದಿನ ಹೊಕ್ಕೈಡೊ ದ್ವೀಪಕ್ಕೆ ಕಡಲು ದಾಟಿ ಹೋದರು. ಅಲ್ಲಿನ ಕರಾವಳಿಯ ಗುಡಿಗಳಲ್ಲಿ ಅವರ ಮೂರ್ತಿಗಳು ಇಂದಿಗೂ ಇವೆ.

ಸಂಖ್ಯೆಯ ವಿಷಯಕ್ಕೆ ಬರೋಣ. 1663ರಿಂದ ಅವರು ತೀರಿಕೊಂಡ 1695ರವರೆಗೆ 32 ವರ್ಷ. ಈ ಅವಧಿಯಲ್ಲಿ 1,20,000 ಮೂರ್ತಿ ಆಗಬೇಕಾದರೆ, ಒಂದು ದಿನವೂ ಬಿಡದಂತೆ ದಿನಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು ಕೆತ್ತಬೇಕಾಗುತ್ತದೆ. ಮೂರು ಮೀಟರಿನ ದ್ವಾರಪಾಲಕನನ್ನು ಲೆಕ್ಕಕ್ಕೆ ಹಿಡಿದರೆ ಇದು ಅಸಾಧ್ಯವೆನಿಸುತ್ತದೆ. ಆದರೆ ಎಂಕೂ ಅವರ ಮೂರ್ತಿಗಳಲ್ಲಿ ಬೆರಳುದ್ದದವೂ ಅಪಾರ ಸಂಖ್ಯೆಯಲ್ಲಿವೆ. ಹಿದಾ ಪ್ರದೇಶದಲ್ಲಿರುವ, 1690ರ ಕಾಲಸೂಚನೆ ಹೊತ್ತ ಒಂದು ಮೂರ್ತಿಯ ಬೆನ್ನ ಮೇಲೆ ಅವರೇ ಮಸಿಯಲ್ಲಿ ಬರೆದ ಸಾಲೊಂದಿದೆ. ಅದನ್ನು ವಿದ್ವಾಂಸರಲ್ಲಿ ಹಲವರು ‘ಒಂದು ಲಕ್ಷ ಬುದ್ಧರನ್ನು ಮಾಡಿ ಮುಗಿಸಿದ್ದಾಯಿತು’ ಎಂಬ ಅರ್ಥದಲ್ಲಿ ಓದುತ್ತಾರೆ. ಇಂದು ಉಳಿದಿರುವುದು 5,000ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಐಚಿ ಮತ್ತು ಗಿಫು ಜಿಲ್ಲೆಗಳಲ್ಲಿವೆ. ಮರದ ಮೂರ್ತಿಗೆ ಬೆಂಕಿ, ನೆರೆ, ಹುಳು ಎಂದು ಶತ್ರುಗಳು ಅನೇಕ. ಜೊತೆಗೆ 1868ರಲ್ಲಿ ಮೇಜಿ ಸರ್ಕಾರ ಶಿಂತೊ ಮತ್ತು ಬೌದ್ಧ ಆರಾಧನೆಗಳನ್ನು ಬೇರ್ಪಡಿಸಿ ಆಜ್ಞೆ ಹೊರಡಿಸಿದಾಗ ದೇಶದುದ್ದಕ್ಕೂ ಲೆಕ್ಕವಿಲ್ಲದಷ್ಟು ಬೌದ್ಧ ಮೂರ್ತಿಗಳನ್ನು ಸುಟ್ಟರು, ಒಡೆದರು, ಮಾರಿದರು. ಆ ಮೂರ್ತಿಭಂಜನದ ಕಥೆ ಓದುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ಅದನ್ನೂ ದಾಟಿ ಒಬ್ಬನೇ ಮನುಷ್ಯನ ಕೈಯ ಐದು ಸಾವಿರ ಕೃತಿಗಳು ಉಳಿದಿವೆ ಎಂದಾದರೆ, ಮೊದಲಿಗೆ ಅವು ಬಹಳ ದೊಡ್ಡ ಸಂಖ್ಯೆಯಲ್ಲಿ ಇದ್ದಿರಲೇಬೇಕು. 1,20,000 ಎಂಬುದು ಕೊನೆಗೆ ಪೂರ್ತಿಯಾಯಿತೇ ಎಂಬುದಕ್ಕಿಂತ, ಆ ಸಂಕಲ್ಪವನ್ನು ಅವರು ದಿನನಿತ್ಯದ ಅನುಷ್ಠಾನವಾಗಿ ಹೇಗೆ ನಡೆಸಿದರು ಎಂಬುದೇ ನನಗೆ ಮುಖ್ಯವೆನಿಸುತ್ತದೆ. ಜಪ ಮಾಡುವವನು ನಾಮವನ್ನು ಎಷ್ಟು ಬಾರಿ ಉಚ್ಚರಿಸುತ್ತಾನೋ ಅಷ್ಟು ಬಾರಿ ಅವರು ಬುದ್ಧನನ್ನು ಮರದಿಂದ ಹೊರತೆಗೆದರು. ಅವರ ಮಟ್ಟಿಗೆ ಕೆತ್ತನೆಯೇ ಪೂಜೆಯಾಗಿತ್ತು, ಪೂಜೆಗೆ ಬೇಕಾದ ಸಾಮಗ್ರಿಯನ್ನು ಸಿದ್ಧಪಡಿಸುವ ಪೂರ್ವತಯಾರಿಯಾಗಿರಲಿಲ್ಲ.

ನೀವು ಹೇಳಿದ ಬೈಲುಕುಪ್ಪೆಯ ಮೂರ್ತಿಗಳ ದಾರಿಯೇ ಬೇರೆ. ನಾಮ್‌ದ್ರೋಲಿಂಗ್ ಮಠದ ಆ ಮಂದಿರದಲ್ಲಿ ಬುದ್ಧ, ಪದ್ಮಸಂಭವ ಮತ್ತು ಅಮಿತಾಯುಸ್ ಅವರ ಮೂರ್ತಿಗಳು 60 ಅಡಿಯ ಆಸುಪಾಸಿನಲ್ಲಿದ್ದು, ತಾಮ್ರದ ಮೇಲೆ ಚಿನ್ನದ ಲೇಪ ಹೊಂದಿವೆ; ಅವುಗಳ ಒಡಲಲ್ಲಿ ಧರ್ಮಗ್ರಂಥಗಳು, ಮಹನೀಯರ ಅವಶೇಷಗಳು, ಪುಟ್ಟ ಮಣ್ಣಿನ ಸ್ತೂಪಗಳನ್ನು ತುಂಬಿದ್ದಾರೆ. ನಿರ್ದಿಷ್ಟ ಪ್ರಮಾಣ, ಒಳಗೆ ತುಂಬುವ ಮಂತ್ರಸುರುಳಿ, ಕೊನೆಗೆ ಪ್ರತಿಷ್ಠಾವಿಧಿ, ಇಷ್ಟೂ ಆದ ಮೇಲೆಯೇ ಟಿಬೆಟಿನ ಸಂಪ್ರದಾಯದಲ್ಲಿ ಮೂರ್ತಿಗೆ ಪೂಜಾರ್ಹತೆ ಬರುತ್ತದೆ. ಇಡೀ ಸಂಘದ ಶ್ರದ್ಧೆ ಅಲ್ಲಿ ಒಂದೆಡೆ ಕೂಡಿ ನಿಂತಿದೆ. ಎಂಕೂ ಅವರದು ಒಬ್ಬಂಟಿ ಭಿಕ್ಷುವಿನ ಶ್ರದ್ಧೆ, ಹಳ್ಳಿಹಳ್ಳಿಗೆ ಹಂಚಿಹೋಗಿರುವಂಥದು.

ಪ್ರಶ್ನೆ: ನಾನು ಶಿವಾರಪಟ್ಟಣದಲ್ಲಿ ಶಿಲ್ಪ ಕಲಿಯುತ್ತಿರುವವನು. ನೀವು ಹೇಳಿದ ಭಿಕ್ಷುವಿನ ಮೂರ್ತಿಗಳ ಚಿತ್ರಗಳನ್ನು ಮೊಬೈಲಿನಲ್ಲಿ ಹುಡುಕಿ ನೋಡಿದೆ. ತಾಳಮಾನವಿಲ್ಲ (ಶಾಸ್ತ್ರ ಹೇಳುವ ಅಂಗಾಂಗಗಳ ಅಳತೆಯಿಲ್ಲ), ನಯಗಾರಿಕೆಯಿಲ್ಲ, ಬೆನ್ನನ್ನಂತೂ ಕೆತ್ತಿಯೇ ಇಲ್ಲ. ನಮ್ಮ ಗುರುಗಳು ಇಂಥ ಕೆಲಸವನ್ನು ಅರ್ಧಕ್ಕೆ ಬಿಟ್ಟ ಕೆಲಸ ಎನ್ನುತ್ತಾರೆ. ಇವನ್ನು ಪವಿತ್ರ ಮೂರ್ತಿಗಳೆಂದು ಹೇಗೆ ಒಪ್ಪುವುದು?
(ಕೋಲಾರ ಜಿಲ್ಲೆಯ ಶಿಲ್ಪ ವಿದ್ಯಾರ್ಥಿ)

ಉತ್ತರ: ಉಳಿ ಹಿಡಿದ ಕೈಯಿಂದ ಬಂದ ಪ್ರಶ್ನೆ ಇದು. ಆದ್ದರಿಂದ ಕೆಲಸದ ಕ್ರಮದಿಂದಲೇ ಉತ್ತರಿಸಲು ಯತ್ನಿಸುತ್ತೇನೆ.

ಜಪಾನಿನಲ್ಲಿಯೂ ಶಾಸ್ತ್ರೋಕ್ತವಾದ ಮೂರ್ತಿಶಿಲ್ಪದ ಬಲವಾದ ಪರಂಪರೆ ಇತ್ತು. 1053ರಲ್ಲಿ ಉಜಿ ಪಟ್ಟಣದ ಬ್ಯೋದೊಇನ್ ದೇವಾಲಯಕ್ಕಾಗಿ ಜೋಚೊ ಎಂಬ ಶಿಲ್ಪಾಚಾರ್ಯರು ಮಾಡಿದ ಅಮಿತಾಭನ ಮೂರ್ತಿಯನ್ನು ಅನೇಕ ಮರದ ತುಂಡುಗಳನ್ನು ಲೆಕ್ಕಾಚಾರವಾಗಿ ಜೋಡಿಸಿ, ಒಳಗೆ ಟೊಳ್ಳು ಉಳಿಸಿ, ಮೇಲೆ ಅರಗು ಬಳಿದು ಚಿನ್ನದ ರೇಕು ಹಚ್ಚಿ ಸಿದ್ಧಪಡಿಸಲಾಯಿತು. ಅದರ ಪ್ರಮಾಣವೇ ಮುಂದಿನ ಶತಮಾನಗಳಿಗೆ ಮಾದರಿಯಾಯಿತು. 1203ರಲ್ಲಿ ನಾರಾ ನಗರದ ತೊದಾಯ್‌ಜಿ ದೇವಾಲಯದ ಮಹಾದ್ವಾರಕ್ಕೆ ಉನ್‌ಕೇ, ಕಾಯ್‌ಕೇ ಮತ್ತವರ ಬಳಗದವರು 8 ಮೀಟರಿಗೂ ಮೀರಿದ ಎರಡು ದ್ವಾರಪಾಲಕರನ್ನು ಎರಡೂಕಾಲು ತಿಂಗಳೊಳಗೆ ನಿಲ್ಲಿಸಿದರು. ಇವರೆಲ್ಲ ವಂಶಪಾರಂಪರ್ಯವಾಗಿ, ಕಾರ್ಖಾನೆಯ ಶಿಸ್ತಿನಲ್ಲಿ ದುಡಿದವರು. ಅವರ ಹಿಂದೆ ದೊರೆಗಳ, ಶ್ರೀಮಂತರ ದಾನವಿತ್ತು.

ಎಂಕೂ ಅವರ ಬಳಿ ಅದೊಂದೂ ಇರಲಿಲ್ಲ. ಅಷ್ಟಕ್ಕೇ ಅವರಿಗೆ ನಯವಾಗಿ ಕೆತ್ತಲು ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. 1660ರ ದಶಕದ ಅವರ ಮೊದಮೊದಲ ಮೂರ್ತಿಗಳನ್ನು ನೋಡಿ: ಮೈ ಹದವಾಗಿ ನುಣುಪಾಗಿದೆ, ವಸ್ತ್ರದ ನೆರಿಗೆಗಳು ಅಚ್ಚುಕಟ್ಟಾಗಿ ಇಳಿದಿವೆ, ಮುಖ ಸಾಂಪ್ರದಾಯಿಕವಾಗಿದೆ. ವರ್ಷಗಳು ಕಳೆದಂತೆ ಅವರು ಒಂದೊಂದನ್ನಾಗಿ ಬಿಡುತ್ತ ಬಂದರು. ಮೊದಲು ನುಣುಪು ಹೋಯಿತು, ಆಮೇಲೆ ನೆರಿಗೆಗಳು ಕೆಲವೇ ಏಟುಗಳ ಮೆಟ್ಟಿಲಿನಂತಾದವು, ಕೊನೆಗೆ ಕೈಗಳೂ ವಸ್ತ್ರದೊಳಗೆ ಕರಗಿಹೋದವು. ಕಲಿಯದವನು ಒರಟಾಗಿ ಕೆತ್ತುವುದು ಬೇರೆ, ಕಲಿತವನು ಬಲ್ಲದ್ದನ್ನು ಬಿಟ್ಟು ಅಲ್ಲಿಗೆ ಬರುವುದು ಬೇರೆ. ನಿಮ್ಮ ಗುರುಗಳು ಈ ಎರಡರ ನಡುವಿನ ವ್ಯತ್ಯಾಸವನ್ನು ನೋಡಿದ ಕ್ಷಣವೇ ಹಿಡಿಯಬಲ್ಲರು ಎಂದು ನನ್ನ ನಂಬಿಕೆ.

ಅವರು ಮರವನ್ನು ಬಳಸಿದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದುಂಡನೆಯ ದಿಮ್ಮಿಯನ್ನು ಉದ್ದಕ್ಕೆ ಎರಡಾಗಿ, ಮತ್ತೆ ನಾಲ್ಕಾಗಿ, ಕೆಲವೊಮ್ಮೆ ಎಂಟಾಗಿ ಸೀಳುತ್ತಿದ್ದರು. ಸೀಳಿದ ತುಂಡಿನ ಅಡ್ಡಕೊಯ್ತ ತ್ರಿಕೋನಾಕಾರವಾಗಿರುತ್ತದೆ. ಮರ ತಾನಾಗಿ ಸೀಳಿಕೊಂಡ ಗೆರೆಯನ್ನು ಅವರು ತಿದ್ದಲು ಹೋಗುತ್ತಿರಲಿಲ್ಲ. ಹಾಗಾಗಿಯೇ ಎಷ್ಟೋ ಮೂರ್ತಿಗಳ ಬೆನ್ನು ಸೀಳಿದ ಹಾಗೆಯೇ ಉಳಿದಿದೆ, ಪಕ್ಕಗಳಲ್ಲಿ ಮರದ ಎಳೆಗಳು ನೇರವಾಗಿ ಕಾಣುತ್ತವೆ. ಗಂಟು ಬಂದಲ್ಲಿ ಗಂಟನ್ನು ಉಳಿಸಿಕೊಂಡರು, ಮರ ಸೊಟ್ಟಗಿದ್ದಲ್ಲಿ ಬೋಧಿಸತ್ತ್ವನನ್ನೂ ಬಾಗಿಸಿದರು. ಮಚ್ಚುಗತ್ತಿಯಿಂದ ದೊಡ್ಡ ಆಕಾರ ತೆಗೆದು, ಬೆರಳೆಣಿಕೆಯ ಉಳಿಗಳಿಂದ ಮುಖವನ್ನು ಮುಗಿಸುತ್ತಿದ್ದರು. ಮುಖಕ್ಕೆ ಮಾತ್ರ ಅವರು ಎಂದೂ ಅವಸರ ಮಾಡಿದಂತೆ ಕಾಣುವುದಿಲ್ಲ. ಕಣ್ಣು ಒಂದೇ ಗೀರು, ಅರೆಮುಚ್ಚಿದ್ದು. ಬಾಯಿಯ ಗೀರು ಎರಡು ತುದಿಯಲ್ಲಿ ಒಂದಿಷ್ಟೇ ಮೇಲೆದ್ದಿರುತ್ತದೆ. ಕೋಪವನ್ನೇ ಲಕ್ಷಣವಾಗಿ ಹೊತ್ತ ಫುದೊ, ಅಂದರೆ ಅಚಲನಾಥನ ಮುಖದಲ್ಲಿಯೂ ಎಂಕೂ ಅವರ ಕೈಯಲ್ಲಿ ಆ ನಗೆ ಇಣುಕುತ್ತದೆ. ಬಣ್ಣವಿಲ್ಲ, ಚಿನ್ನವಿಲ್ಲ, ಹಿನೊಕಿಯೋ ಸುಗಿಯೋ ಆಯಾ ಊರಿನಲ್ಲಿ ಸಿಕ್ಕ ಮರ ಮಾತ್ರ. ಶತಮಾನಗಳ ಧೂಪದ ಹೊಗೆ, ಮುಟ್ಟಿದ ಕೈಗಳ ಜಿಡ್ಡು ಸೇರಿ ಕೆಲವು ಕಪ್ಪಗೆ ಹೊಳೆಯುತ್ತಿವೆ.

ಬೆನ್ನನ್ನು ಬಿಟ್ಟರೆಂದು ಹೇಳಿದಿರಿ. ವಾಸ್ತವವಾಗಿ ಆ ಬೆನ್ನೂ ಬರಿದಾಗಿ ಉಳಿದಿಲ್ಲ. ಅನೇಕ ಮೂರ್ತಿಗಳ ಹಿಂಬದಿಯಲ್ಲಿ ಆಯಾ ದೇವತೆಯ ಬೀಜಾಕ್ಷರವನ್ನು ಅವರು ಸಿದ್ಧಂ ಲಿಪಿಯಲ್ಲಿ ಮಸಿಯಿಂದ ಬರೆದಿದ್ದಾರೆ. ಸಂಸ್ಕೃತ ಮಂತ್ರಗಳನ್ನು ಹೊತ್ತು ಚೀನಾದ ಮೂಲಕ ಜಪಾನಿಗೆ ಹೋದ ಈ ಲಿಪಿ ಬ್ರಾಹ್ಮಿಯ ಕುಲದ್ದು. ನಮ್ಮ ಕನ್ನಡ ಲಿಪಿಯೂ ಅದೇ ಬ್ರಾಹ್ಮಿಯಿಂದ ಬಂದದ್ದು. ಗಿಫುವಿನ ಬೆಟ್ಟದೂರಿನ ಮರದ ಬೆನ್ನ ಮೇಲಿನ ಆ ಅಕ್ಷರ ನಮ್ಮ ಅಕ್ಷರಕ್ಕೆ ದೂರದ ದಾಯಾದಿ ಎಂದು ನೆನೆದರೆ ನನಗೆ ಬಹಳ ಸಂತೋಷವಾಗುತ್ತದೆ. ನಮ್ಮಲ್ಲಿ ಪ್ರತಿಷ್ಠೆಯ ವಿಧಿಯಲ್ಲಿ ಮಂತ್ರ ವಹಿಸುವ ಪಾತ್ರವನ್ನು ಅಲ್ಲಿ ಆ ಅಕ್ಷರ ವಹಿಸುತ್ತದೆ.

ನಗೋಯಾ ನಗರದ ಅರಾಕೊ ಕನ್ನೊನ್ ದೇವಾಲಯದ ಉದಾಹರಣೆಯೊಂದನ್ನು ಹೇಳಲೇಬೇಕು. ಅಲ್ಲಿನ ದ್ವಾರದ ಇಬ್ಬರು ದೊಡ್ಡ ದ್ವಾರಪಾಲಕರನ್ನು ಎಂಕೂ ಕೆತ್ತಿದರು. 1972ರಲ್ಲಿ ಅದೇ ದೇವಾಲಯದ ಗೋಪುರದಲ್ಲಿ ಒಂದು ಮರದ ಪೆಟ್ಟಿಗೆ ಸಿಕ್ಕಿತು. ತೆರೆದಾಗ ಅದರಲ್ಲಿದ್ದವು ಸಾವಿರಕ್ಕೂ ಮೀರಿದ ಪುಟಾಣಿ ಬೋಧಿಸತ್ತ್ವರು. ದೊಡ್ಡ ಮೂರ್ತಿ ಕಡೆಯುವಾಗ ಸಿಡಿದ ಚಕ್ಕೆಗಳನ್ನೂ ಬಿಸಾಡದೆ, ಒಂದೊಂದರ ಮೇಲೂ ಕಣ್ಣು, ಮೂಗು, ಬಾಯಿಗಳ ಗುರುತನ್ನಷ್ಟೇ ಹಾಕಿ ಮೂರ್ತಿಯಾಗಿಸಿದ್ದಾರೆ. ಸಕಲ ಜೀವಿಗಳಲ್ಲೂ, ಹುಲ್ಲು ಮರಗಳಲ್ಲೂ ಬುದ್ಧತ್ವವಿದೆ ಎಂಬುದು ಜಪಾನಿನ ತೆಂದಾಯ್ ಪಂಥದ ದೊಡ್ಡ ತತ್ತ್ವ. ಗ್ರಂಥದಲ್ಲಿ ಓದಿದವರು ಅನೇಕರು. ಅದನ್ನು ನಿಜವೆಂದು ನಂಬಿದವನು ಚಕ್ಕೆಯನ್ನು ಕಸವೆಂದು ಗುಡಿಸುವುದು ಹೇಗೆ? ತಾಳಮಾನದ ಶಾಸ್ತ್ರ ನಿಮ್ಮ ಪರಂಪರೆಯ ಶಿಸ್ತು. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಎಂಕೂ ಅವರ ಶಿಸ್ತು ಈ ನಂಬಿಕೆಯಲ್ಲಿತ್ತು, ಅದು ಅಷ್ಟೇ ಕಠಿಣವಾದದ್ದು.

ಪವಿತ್ರತೆಯ ಮಾತಿಗೆ ಬಂದರೆ, ಆ ಮೂರ್ತಿಗಳನ್ನು ಜನ ಹೇಗೆ ನಡೆಸಿಕೊಂಡರು ಎಂಬುದನ್ನೂ ಕೇಳಬೇಕು. ತಕಾಯಾಮಾದ ಸೆಂಕೊಜಿ ದೇವಾಲಯದಲ್ಲಿ ಮೂವತ್ತಮೂರು ಕನ್ನೊನ್ ಮೂರ್ತಿಗಳ ಒಂದು ಗುಂಪಿದೆ. ಕನ್ನೊನ್ ಎಂದರೆ ಅವಲೋಕಿತೇಶ್ವರ. ಸುತ್ತಲಿನ ಮನೆಗಳಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಈ ಮೂರ್ತಿಗಳಲ್ಲೊಂದನ್ನು ಎರವಲು ಒಯ್ದು, ರೋಗಿಯ ತಲೆಯ ಬಳಿ ಇಟ್ಟುಕೊಂಡು, ಗುಣವಾದ ಮೇಲೆ ತಂದೊಪ್ಪಿಸುತ್ತಿದ್ದರಂತೆ. ಈಗ ಅಲ್ಲಿ ಇರುವುದು ಮೂವತ್ತೊಂದು. ಎರಡು ಮೂರ್ತಿಗಳು ಯಾವುದೋ ಮನೆಯಲ್ಲಿ ಉಳಿದುಹೋದವು. ದೇವಾಲಯದವರು ಅದನ್ನು ನಷ್ಟವೆಂದು ಭಾವಿಸದೆ ಇದ್ದರೆ ಆಶ್ಚರ್ಯವಿಲ್ಲ. ಬೇರೆ ಕೆಲವು ಹಳ್ಳಿಗಳಲ್ಲಿ ಮಕ್ಕಳು ಈ ಮೂರ್ತಿಗಳನ್ನು ಆಟಿಕೆಯಾಗಿ ಎಳೆದಾಡಿ, ನೀರಿನಲ್ಲಿ ತೇಲಿಸಿ ಆಡುತ್ತಿದ್ದ ನೆನಪುಗಳಿವೆ. ಗರ್ಭಗುಡಿಯ ಚಿನ್ನದ ಮೂರ್ತಿಯನ್ನು ಬಡವರ ಮನೆಯ ಹಾಸಿಗೆಯ ಬಳಿಗೆ ತರಲಾಗುವುದಿಲ್ಲ. ಒಂದು ತೋಳಿನಲ್ಲಿ ಅವಚಿಕೊಂಡು ಹೋಗಬಹುದಾದ, ಬಿದ್ದರೆ ಮುಕ್ಕಾಗದ, ಕದಿಯಲು ಯಾರಿಗೂ ಆಸೆ ಹುಟ್ಟಿಸದ ಮೂರ್ತಿಯೇ ಆ ಜನಕ್ಕೆ ಬೇಕಿತ್ತು. ಎಂಕೂ ಬಿಟ್ಟುಕೊಟ್ಟ ನಯಗಾರಿಕೆಗೆ ಇದಕ್ಕಿಂತ ಹಿರಿದಾದ ಕಾರಣವನ್ನು ನಾನು ಹುಡುಕಲಾರೆ.

ಪ್ರಶ್ನೆ: ತನ್ನ ಮೂರ್ತಿಯನ್ನು ಪೂಜಿಸಿ ಎಂದು ಬುದ್ಧ ಹೇಳಲಿಲ್ಲ. ಹಾಗಿರುವಾಗ ಸರ್ವಸ್ವವನ್ನೂ ತ್ಯಜಿಸಿದ ಭಿಕ್ಷುವೇ ಮೂರ್ತಿ ಮಾಡುತ್ತ ಕೂರುವುದು ಆ ಬೋಧನೆಗೆ ವಿರುದ್ಧವಲ್ಲವೇ?
(ಧಾರವಾಡದ ನಿವೃತ್ತ ಶಿಕ್ಷಕರು)

ಉತ್ತರ: ತಾವು ಹೇಳಿದಂತೆ ಆರಂಭದ ಬೌದ್ಧ ಕಲೆಯಲ್ಲಿ ಬುದ್ಧನ ಮಾನವ ರೂಪ ಇಲ್ಲ. ಸಾಂಚಿಯಲ್ಲಿ ಬೋಧಿವೃಕ್ಷ, ಧರ್ಮಚಕ್ರ, ಪಾದಮುದ್ರೆ, ಖಾಲಿ ಆಸನ ಇವುಗಳೇ ಅವನನ್ನು ಸೂಚಿಸುತ್ತವೆ. ನಮ್ಮದೇ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದ ಫಲಕಗಳಲ್ಲಿಯೂ, ಅಂದರೆ ‘ರಾಯ ಅಸೋಕ’ ಎಂಬ ಬರಹದೊಂದಿಗೆ ಅಶೋಕನ ಚಿತ್ರ ದೊರೆತ ಆ ಪ್ರಸಿದ್ಧ ತಾಣದಲ್ಲಿಯೂ, ಇಂಥ ಸಂಕೇತಗಳನ್ನು ಕಾಣಬಹುದು. ಮಾನವ ರೂಪದ ಮೂರ್ತಿಗಳು ಮಥುರಾ ಮತ್ತು ಗಾಂಧಾರಗಳಲ್ಲಿ ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಬೆಳೆದವು.

ಆದರೆ ಮೂರ್ತಿಗಳ ಮೇಲಿನ ಒಲವು ಗೃಹಸ್ಥರದು ಮಾತ್ರ, ಭಿಕ್ಷುಗಳು ಅದರಿಂದ ದೂರ ನಿಂತಿದ್ದರು ಎಂಬ ಕಲ್ಪನೆಯನ್ನು ಶಾಸನಗಳೇ ಅಲ್ಲಗಳೆಯುತ್ತವೆ. ಸಾಂಚಿಯ ದಾನಶಾಸನಗಳಲ್ಲಿ ಭಿಕ್ಷು, ಭಿಕ್ಷುಣಿಯರ ಹೆಸರುಗಳು ಧಾರಾಳವಾಗಿವೆ. ಸಾರನಾಥದ ವಸ್ತುಸಂಗ್ರಹಾಲಯದಲ್ಲಿ ಮಥುರೆಯ ಕೆಂಪು ಕಲ್ಲಿನ ಭಾರಿ ಬೋಧಿಸತ್ತ್ವ ಮೂರ್ತಿಯೊಂದಿದೆ. ಕನಿಷ್ಕನ ಮೂರನೆಯ ವರ್ಷದಲ್ಲಿ ಅದನ್ನು ಛತ್ರದೊಡನೆ ಪ್ರತಿಷ್ಠಾಪಿಸಿದವರು ತ್ರಿಪಿಟಕ ಬಲ್ಲ ಬಲ ಎಂಬ ಭಿಕ್ಷು. ದಾನದಲ್ಲಿ ಭಾಗಿಯಾದವರ ಸಾಲಿನಲ್ಲಿ ಬುದ್ಧಮಿತ್ರೆ ಎಂಬ ಭಿಕ್ಷುಣಿಯ ಹೆಸರೂ ಇದೆ. ಆ ಶಾಸನ ಮುಗಿಯುವುದು ಸರ್ವ ಜೀವಿಗಳ ಹಿತಸುಖಕ್ಕಾಗಿ ಎಂಬ ಅರ್ಥದ ಮಾತಿನಿಂದ. ಭಿಕ್ಷು ಮಾಡಿಸಿದ ಮೂರ್ತಿಯಿಂದ ಬರುವ ಪುಣ್ಯ ಭಿಕ್ಷುವಿನದಲ್ಲ, ಅದನ್ನು ಎಲ್ಲರಿಗೂ ಧಾರೆಯೆರೆದುಕೊಡಲಾಗುತ್ತದೆ. ಈ ದೃಷ್ಟಿಯಿಂದ ನೋಡಿದರೆ ಮೂರ್ತಿ ನಿರ್ಮಾಣ ಸಂಗ್ರಹವಾಗದೆ ತ್ಯಾಗದ ಮತ್ತೊಂದು ರೂಪವಾಗುತ್ತದೆ. ಎಂಕೂ ಕೆತ್ತಿದ್ದನ್ನು ಇಟ್ಟುಕೊಳ್ಳದೆ, ಉಂಡ ಮನೆಗೆ, ತಂಗಿದ ಊರಿಗೆ ಕೊಟ್ಟು ಮುಂದೆ ನಡೆದರು. 1695ರಲ್ಲಿ, ತಮ್ಮ ಕೊನೆಗಾಲದಲ್ಲಿ, ಸೆಕಿ ಪಟ್ಟಣದ ಮಿರೊಕುಜಿಯ ಬಳಿ ನಾಗರಾ ನದಿಯ ದಡದಲ್ಲಿ ಆಹಾರ ತೊರೆದು ಧ್ಯಾನಸ್ಥರಾಗಿ ದೇಹ ಬಿಟ್ಟರೆಂದು ಅಲ್ಲಿನವರು ನಂಬುತ್ತಾರೆ. ಸಲ್ಲೇಖನದ ಪರಂಪರೆಯನ್ನು ಶ್ರವಣಬೆಳಗೊಳದ ಶಾಸನಗಳಲ್ಲಿ ಓದಿರುವ ಕನ್ನಡಿಗರಿಗೆ ಇಂಥ ನಿರ್ಧಾರದ ಹಿಂದಿನ ಮನಸ್ಸನ್ನು ಊಹಿಸುವುದು ಕಷ್ಟವಾಗಲಾರದು, ಎರಡರ ತಾತ್ತ್ವಿಕ ನೆಲೆಗಳು ಬೇರೆಯಾದರೂ.

ಪ್ರಶ್ನೆ: ಎಂಕೂ ಅವರ ನಂತರ ಈ ದಾರಿಯಲ್ಲಿ ಬೇರೆ ಯಾರಾದರೂ ನಡೆದರೇ?
(ಬೆಂಗಳೂರಿನ ಓದುಗರೊಬ್ಬರು)

ಉತ್ತರ: ನಡೆದರು. ಅವರಲ್ಲಿ ಮೊಕುಜಿಕಿ (1718-1810) ಪ್ರಮುಖರು. ಇಂದಿನ ಯಾಮಾನಾಶಿ ಜಿಲ್ಲೆಯಲ್ಲಿ ಹುಟ್ಟಿದ ಅವರು ನಲವತ್ತೈದರ ವಯಸ್ಸಿನಲ್ಲಿ ಧಾನ್ಯವನ್ನೂ ಬೇಯಿಸಿದ ಆಹಾರವನ್ನೂ ತೊರೆದು ಕಾಯಿ, ಚಿಗುರುಗಳಲ್ಲೇ ಬದುಕುವ ವ್ರತ ತೊಟ್ಟರು. ದೇಶವನ್ನೆಲ್ಲ ಸುತ್ತುತ್ತ ಹೊಕ್ಕೈಡೊ ತಲುಪಿ, ಅರುವತ್ತು ದಾಟಿದ ಮೇಲೆ ಕೆತ್ತಲು ಶುರುಮಾಡಿದರು. ಆ ದ್ವೀಪದಲ್ಲಿ ನೂರು ವರ್ಷ ಮೊದಲು ಎಂಕೂ ಬಿಟ್ಟುಹೋಗಿದ್ದ ಮೂರ್ತಿಗಳನ್ನು ಕಂಡೇ ಅವರಿಗೆ ಪ್ರೇರಣೆಯಾಗಿರಬೇಕು ಎಂದು ಬಹಳ ಮಂದಿ ಊಹಿಸಿದ್ದಾರೆ. ಒಪ್ಪಬಹುದಾದ ಊಹೆ ಅದು. ಮೊದಲು ಸಾವಿರ ಮೂರ್ತಿಗಳ ಸಂಕಲ್ಪ, ಅದು ಮುಗಿದಾಗ ಎರಡು ಸಾವಿರದ ಸಂಕಲ್ಪ. ಕ್ಯೂಶೂ ದ್ವೀಪದ ಹ್ಯೂಗಾ ಕೊಕುಬುನ್‌ಜಿ ದೇವಾಲಯದಲ್ಲಿ ಅವರು ಮುಖ್ಯಸ್ಥರಾಗಿದ್ದಾಗ 1791ರಲ್ಲಿ ಬೆಂಕಿ ಬಿದ್ದು ಎಲ್ಲವೂ ಭಸ್ಮವಾಯಿತು. ಎಪ್ಪತ್ತು ದಾಟಿದ್ದ ಅವರು ಅಲ್ಲೇ ನಿಂತು ಮತ್ತೆ ಕಟ್ಟಿಸಿ, ಐವರು ಧ್ಯಾನಿಬುದ್ಧರ ದೊಡ್ಡ ಮೂರ್ತಿಗಳನ್ನು ತಮ್ಮ ಕೈಯಿಂದಲೇ ಕೆತ್ತಿ ಕೂರಿಸಿದರು. ಅವರ ಮೂರ್ತಿಗಳು ಎಂಕೂ ಅವರವುಗಳಂತೆ ಚೂಪಾಗಿಲ್ಲ. ಗುಂಡಗಿನ ಕೆನ್ನೆ, ತೆರೆದ ನಗು, ಸಂತೃಪ್ತ ಅಜ್ಜನ ಮೈಕಟ್ಟು. ನೂರು ವರ್ಷ ಎಲ್ಲರೂ ಮರೆತಿದ್ದ ಈ ಭಿಕ್ಷುವನ್ನು 1924ರಲ್ಲಿ ಯಾನಾಗಿ ಸೊಯೆತ್ಸು ಕಂಡುಹಿಡಿದರು. ಜನಪದ ಕರಕುಶಲತೆಯ ಮಹತ್ತ್ವವನ್ನು ಜಪಾನಿಗೆ ಮನಗಾಣಿಸಿದ ಈ ಚಿಂತಕರು ಕೊರಿಯಾದ ಕುಂಬಾರಿಕೆಯ ಪಾತ್ರೆಗಳನ್ನು ನೋಡಲೆಂದು ಒಂದು ಮನೆಗೆ ಹೋಗಿದ್ದಾಗ, ಅಲ್ಲಿದ್ದ ಮೊಕುಜಿಕಿ ಮೂರ್ತಿ ಅವರನ್ನು ಹಿಡಿದು ನಿಲ್ಲಿಸಿತು. ಆಮೇಲೆ ಊರೂರು ಅಲೆದು ನೂರಾರು ಮೂರ್ತಿಗಳನ್ನು ಗುರುತಿಸಿದರು.

ಪ್ರಶ್ನೆ: ಕೆಲಸದ ನಿಮಿತ್ತ ನಾನು ನಗೋಯಾದಲ್ಲಿ ಇದ್ದೇನೆ. ಈ ಮೂರ್ತಿಗಳನ್ನು ಎಲ್ಲಿ ನೋಡಬಹುದು?
(ಜಪಾನಿನಿಂದ ಕನ್ನಡಿಗರೊಬ್ಬರು)

ಉತ್ತರ: ಅತ್ಯುತ್ತಮ ಜಾಗದಲ್ಲೇ ಇದ್ದೀರಿ. ಮೊದಲು ನಿಮ್ಮ ಊರಿನ ಅರಾಕೊ ಕನ್ನೊನ್. ಅಲ್ಲಿ 1,200ಕ್ಕೂ ಹೆಚ್ಚು ಎಂಕೂ ಮೂರ್ತಿಗಳಿವೆ, ಆದರೆ ಒಳಗಿನವನ್ನು ಎಲ್ಲ ದಿನವೂ ತೋರಿಸುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಂಡು ಹೋಗಿ. ಗಿಫು ಜಿಲ್ಲೆಯ ಸೆಕಿಯಲ್ಲಿ ಅವರ ಹೆಸರಿನದೇ ವಸ್ತುಸಂಗ್ರಹಾಲಯವಿದೆ, ಅವರ ಸಮಾಧಿಸ್ಥಳವೂ ಅದರ ಹತ್ತಿರದಲ್ಲೇ ಇದೆ. ಎರಡು ದಿನ ಬಿಡುವಿದ್ದರೆ ತಕಾಯಾಮಾಕ್ಕೆ ಹೋಗಿ ಸೆಂಕೊಜಿಯನ್ನು ನೋಡಿ. ಎಂಕೂ ಬೇರೂರಿ ನಿಂತಿದ್ದ ಮರಕ್ಕೇ ಏಣಿ ಹಾಕಿ ಕಡೆದ ದ್ವಾರಪಾಲಕರು ಅಲ್ಲಿದ್ದಾರೆ. ಆ ದೃಶ್ಯದ ಚಿತ್ರ 1790ರಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿಯೂ ಇದೆ. ಬುಡ ಕೊಳೆತಾಗ ಮರವನ್ನು ಕಡಿದು, ಮೂರ್ತಿಗಳನ್ನು ಒಳಗಿಟ್ಟು ಕಾಪಾಡಿದ್ದಾರೆ. ಹಿದಾ ಬೆಟ್ಟಗಳಲ್ಲಿ ಚಳಿಗಾಲದ ಹಿಮ ದಟ್ಟವಾಗಿರುತ್ತದೆ. ಮೇ ತಿಂಗಳಿಂದ ನವೆಂಬರ್ ಮೊದಲ ವಾರದೊಳಗೆ ಹೋಗುವುದು ಅನುಕೂಲ.